ಶಕ್ತಿಮಾತ್ರೆ ಯಜಮಾನರು

ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಿನ ದಿನ ಇವರನ್ನು ಹುಡುಕಬೇಕಾಗಿಲ್ಲ. ಬೇರೆಯವರು ಜೇಬಿನಿಂದ ಲೆಕ್ಕದ ಚೀಟಿ ತೆಗೆದರೆ ಇವರು ಮಾತ್ರೆಯ ಶೀಟು ತೆಗೆಯುತ್ತಾರೆ. ತುರುವೇಕೆರೆಯ ಮದುವೆಮನೆಯ ಪಂಕ್ತಿಯಲ್ಲೂ ಸಿಗುತ್ತಾರೆ, ಚಿಕ್ಕನಾಯಕನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತಾರೆ. ಹೆಸರು ಬೇರೆ, ಶೀಟು ಅದೇ.

ಇವರ ಹೊಟ್ಟೆಯುಬ್ಬರ ಹಳೆಯದು. ಓಂಕಾಳು, ಸೋಡ, ಜೀರಿಗೆ ಕಷಾಯ ಎಲ್ಲ ಸೋತ ಮೇಲೆ ಮಗ ಬೆಂಗಳೂರಿಗೆ ಕರೆದೊಯ್ದ. ಅಲ್ಲಿ ಗ್ಲೂಕೋಸ್ ನೀರು ಕುಡಿಸಿ, ಮತ್ತೆ ಮತ್ತೆ ಉಸಿರು ಊದಿಸಿದರು. "ಕುಡ್ದು ಗಾಡಿ ಓಡಿಸ್ದೋನ್ನ ಊದ್ಸಿದಂಗೆ ಊದುಸ್ತಾರಲ್ಲಪ್ಪಾ!" ಎಂದು ಯಜಮಾನರು ಮುನಿದರು. ಉಸಿರಿನಲ್ಲಿ ಹೈಡ್ರೋಜನ್ ಜಾಸ್ತಿ ಬಂತು. ದೊಡ್ಡ ಕರುಳಿನಲ್ಲಿ ಇರಬೇಕಾದಷ್ಟು ಬ್ಯಾಕ್ಟೀರಿಯಾ ಸಣ್ಣ ಕರುಳಿನಲ್ಲೇ ಬೀಡುಬಿಟ್ಟಿವೆಯಂತೆ. ಡಾಕ್ಟರು ಸಿಪ್ರೊಫ್ಲಾಕ್ಸಾಸಿನ್ ಬರೆದರು. ಬರೆದದ್ದು ಅದೊಂದೇ.

ಊರಿಗೆ ಬಂದವರೇ ಮೆಡಿಕಲ್ ಸ್ಟೋರಿನ ಮುಂದೆ ನಿಂತರು. "ಇದು ಭಾರಿ ಉಷ್ಣ ಕಣಯ್ಯಾ. ಜೊತೀಗೊಂದು ಬಿ ಕಾಂಪ್ಲೆಕ್ಸ್ ಕೊಡು. ಜಿಂಕ್ ಐತಾ? ಕಬ್ಬಿಣದ್ದೂ ಕೊಡು, ಕ್ಯಾಲ್ಸಿಯಂ ಬಿಟ್ಬುಟ್ರೆ ಬೇಜಾರಾಯ್ತದೆ." ಉಷ್ಣಕ್ಕೆ ಎಳನೀರು ಒಳ್ಳೆಯದೆಂದು ಎಲ್ಲರಿಗೂ ಬೋಧಿಸುತ್ತಾರೆ; ಆದರೆ ಸ್ವಂತ ತೋಟದ ಎಳನೀರು ಕೆಡವಿಸುವುದಿಲ್ಲ. ಅಟ್ಟದ ಕೊಬ್ಬರಿಯ ಲೆಕ್ಕ ತಪ್ಪುತ್ತದಲ್ಲ!

ಸಿದ್ಧಾಂತವಿಲ್ಲದೆ ಅವರು ಏನನ್ನೂ ನುಂಗುವವರಲ್ಲ. "ಕಪ್ಪುತಲೆ ಹುಳಕ್ಕೆ ಬೇರಿಗೆ ಔಷಧಿ ಕಟ್ಟಿದ್ಮೇಲೆ ಮರಕ್ಕೆ ಗೊಬ್ಬರ, ಬೋರಾಕ್ಸ್ ಹಾಕಲ್ವಾ? ಮನುಷ್ಯಂಗೂ ಅಷ್ಟೇಯ." ಒಳಗಿನಿಂದ ಮನೆಯವರ ದನಿ: "ಔಷಧಿ ಕಟ್ಟಿದ್ಮೇಲೆ 45 ದಿನ ಕಾಯಿ ಕೀಳಂಗಿಲ್ಲ. ನೀವೂ ಅಷ್ಟ್ ದಿನ ಬಾಯಿ ಮುಚ್ಕಂಡಿರಿ."

ಮೂತ್ರ ಅರಿಶಿನದ ಬಣ್ಣಕ್ಕೆ ತಿರುಗಿದಾಗ ಯಜಮಾನರಿಗೆ ಪರಮಾನಂದ. "ನೋಡ್ದಾ, ಉಷ್ಣ ಆಚಿಗ್ ಹೋಯ್ತಾ ಐತೆ!" ಹೋಗುತ್ತಿದ್ದದ್ದು ಉಷ್ಣವಲ್ಲ, ಮೈಗೆ ಬೇಡವಾಗಿ ಉಳಿದ ರೈಬೋಫ್ಲಾವಿನ್, ಅಂದರೆ ದುಡ್ಡು ಕೊಟ್ಟು ತಂದ ಬಿ2.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಬೆಳಗಿನ ಸಿಪ್ರೊಫ್ಲಾಕ್ಸಾಸಿನ್, ಕಬ್ಬಿಣ, ಜಿಂಕ್, ಕ್ಯಾಲ್ಸಿಯಂ ನಾಲ್ಕನ್ನೂ ಅಂಗೈಯಲ್ಲಿ ಕೂಡಿಸಿ, ಒಂದೇ ಲೋಟ ಹಾಲಿನಲ್ಲಿ ಇಳಿಸುತ್ತಿದ್ದರು. ಈ ಖನಿಜಗಳು ಹೊಟ್ಟೆಯಲ್ಲೇ ಆ ಔಷಧಿಯನ್ನು ಹಿಡಿದು ಕಟ್ಟಿಹಾಕುತ್ತವೆ, ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹಾಲೂ ಅದೇ ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾಗಳಿಗೆ ಇಷ್ಟು ಸಹಾಯ ಮಾಡಿದ ಯಜಮಾನರು ಬೇರೆ ಎಲ್ಲಿ ಸಿಕ್ಕಾರು?

ತಮಾಷೆಯೆಂದರೆ, ಈ ಕಾಯಿಲೆಯಲ್ಲಿ ವಿಟಮಿನ್ ಕೊರತೆ ಸುಳ್ಳೇನಲ್ಲ. ಆ ಬ್ಯಾಕ್ಟೀರಿಯಾ ನಮ್ಮ ಬಿ12ಅನ್ನು ತಾವೇ ತಿಂದುಬಿಡುತ್ತವೆ. ಕೊಬ್ಬು ಅರಗದಿದ್ದರೆ ಎ, ಡಿ, ಇ ಕೂಡ ಕಡಿಮೆಯಾಗಬಹುದು. ಫೋಲೇಟನ್ನು ಮಾತ್ರ ಅವೇ ತಯಾರಿಸುವುದರಿಂದ ರಕ್ತದಲ್ಲಿ ಅದು ಹೆಚ್ಚಿರುವುದುಂಟು. ಯಾವುದು ಕಡಿಮೆ ಎಂದು ರಕ್ತ ಪರೀಕ್ಷೆ ಹೇಳಬೇಕು, ಉಷ್ಣ ಹೇಳುವುದಲ್ಲ.

ನಿಮ್ಮ ಮನೆಯಲ್ಲೂ ಇಂಥ ಯಜಮಾನರಿದ್ದರೆ, ಮುಂದಿನ ಸಲ ಅವರ ಮಾತ್ರೆ ಚೀಲವನ್ನು ಡಾಕ್ಟರ ಮೇಜಿನ ಮೇಲೆ ಪೂರ್ತಿ ಸುರಿಸಿ. ಸಿಪ್ರೊಫ್ಲಾಕ್ಸಾಸಿನ್ ನುಂಗುವುದಿದ್ದರೆ ಈ ಖನಿಜದ ಮಾತ್ರೆಗಳಿಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ಬಿಟ್ಟು ನುಂಗಬೇಕು.