ಕೋವಿಭಾವ

ಸಿರಸಿಯಿಂದ ಸಿದ್ದಾಪುರದ ಕಡೆಗೋ ಯಲ್ಲಾಪುರದ ಕಡೆಗೋ ಹೊರಟು, ಡಾಂಬರು ರಸ್ತೆ ಬಿಟ್ಟು, ತೋಟಕ್ಕೆ ಇಳಿಯುವ ಕೆಂಪು ಮಣ್ಣಿನ ದಾರಿ ಹಿಡಿದರೆ ಸಿಗುವ ಯಾವ ಕೇರಿಯಲ್ಲೂ ಒಬ್ಬ ಕೋವಿಭಾವ ಇದ್ದೇ ಇರುತ್ತಾನೆ. ಗುರುತು ಹಿಡಿಯುವುದು ಸುಲಭ. ಉಳಿದವರು ಬಂದ ನೆಂಟನಿಗೆ ಆಸರಿಗೆ ಎಂತ ಬೇಕು ಎಂದು ಕೇಳುತ್ತಾರೆ. ಇವನು ನೆಂಟನ ಬಲಗೈ ಹಿಡಿದು, ಅಂಗೈ ಮಗುಚಿ, ಹೆಬ್ಬೆರಳಿನ ಕವಲಿನಿಂದ ತೋರುಬೆರಳಿನ ತುದಿವರೆಗೆ ಅಳೆಯುತ್ತಾನೆ. ಹೊಸಬರು ಹಸ್ತರೇಖೆ ನೋಡುತ್ತಿದ್ದಾನೆ ಎಂದುಕೊಂಡು ಭಕ್ತಿಯಿಂದ ಕೈ ಚಾಚುತ್ತಾರೆ. ಬರುವ ಭವಿಷ್ಯ ಬೇರೆಯೇ.

"ನಿಂದು ಗಿಡ್ಡ ಬೆರಳು ಮಾರಾಯ. ನಿಂಗೆ ದಪ್ಪ ಹಿಡಿ ಆಗ್ತಿಲ್ಲೆ."

ಯಾವುದರ ಹಿಡಿ? ಕತ್ತಿಯದಲ್ಲ, ಗುದ್ದಲಿಯದೂ ಅಲ್ಲ. ರಿವಾಲ್ವರಿನದು. ಅದೂ ಸಣ್ಣಪುಟ್ಟದ್ದಲ್ಲ; .44 ಮ್ಯಾಗ್ನಮ್, .500 ಮ್ಯಾಗ್ನಮ್, ಹೀಗೆ ಹಾರಿಸಿದವನ ಮೊಣಕೈಯನ್ನೇ ವಿಚಾರಿಸಿಕೊಳ್ಳುವ ಜಾತಿಯವು. ಅಂಥದೊಂದು ಭಾವನ ಮನೆಯಲ್ಲಿ ಇದೆಯೇ? ಇಲ್ಲ. ಈ ಮೂರು ತಾಲೂಕಿನಲ್ಲಿ ಯಾರ ಬಳಿಯಾದರೂ ಇದೆಯೇ? ನಾನಂತೂ ಕಂಡಿಲ್ಲ. ಅದಕ್ಕೆ ಕೂರಬೇಕಾದ ಮರದ ಹಿಡಿಗಳು ಮಾತ್ರ ನಮ್ಮ ಭಾವನ ಜಗಲಿಯಲ್ಲಿ, ಕವಳದ ಬಟ್ಟಲಿನ ಪಕ್ಕದ ಬಿಸ್ಕೀಟು ಡಬ್ಬಿಯಲ್ಲಿ, ಹಳೇ ಪಂಚೆಯ ತುಂಡು ಸುತ್ತಿಕೊಂಡು ಕಾಯುತ್ತಿವೆ.

ನಿಜವಾಗಿ ಇರುವುದು ಒಂದೇ ಒಂದು ಕೇಪಿನ ಕೋವಿ. ಬೆಳೆ ರಕ್ಷಣೆಯ ಲೈಸೆನ್ಸಿನದು, ಅಪ್ಪನಿಂದ ಬಂದದ್ದು. ಮಂಗ ತೋಟಕ್ಕೆ ಇಳಿಯಿತು ಎಂದು ಸುದ್ದಿ ಬಂದ ಮೇಲೆ ಭಾವ ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಸರಳಿನಿಂದ ಗಿಡಿಯಬೇಕು, ಆಮೇಲೆ ಕೇಪು ಹುಡುಕಬೇಕು. ಕೇಪಿನ ಡಬ್ಬಿ ಎಲ್ಲಿದೆ ಎಂದು ಅಕ್ಕನನ್ನು ಕೂಗಬೇಕು. ಅಷ್ಟರಲ್ಲಿ ಮಂಗಗಳು ಎಳೆ ಅಡಕೆ ಚೀಪಿ ಎಸೆದು, ಪಕ್ಕದ ಮನೆಯ ಬಾಳೆಗೊನೆ ವಿಚಾರಿಸಲು ಹೋಗಿರುತ್ತವೆ. ಚರೆ ಹಾಕುವ ಪ್ರಶ್ನೆಯೇ ಇಲ್ಲ. ಒಂದು ಕಡೆ 1972ರ ವನ್ಯಜೀವಿ ಕಾಯ್ದೆ, ಇನ್ನೊಂದು ಕಡೆ ದೇವರ ಗೂಡಿನಲ್ಲಿ ಗದೆ ಹಿಡಿದು ಕೂತ ಹನುಮಂತ. ಆಕಾಶಕ್ಕೆ ಒಂದು ಬರೀ ಈಡು, ಅಷ್ಟೇ. ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮನೆಯಲ್ಲಿ ಇನ್ನೇನು ಬೇಟೆ?

ಕಾಯ್ದೆ ಕಾನೂನು ಅವನಿಗೆ ನಾಲಿಗೆ ತುದಿಯಲ್ಲಿವೆ. 1959ರ ಆಯುಧ ಕಾಯ್ದೆ ಎಂದರೆ ಅವನಿಗೆ ನಿತ್ಯಪಾರಾಯಣ. ಒಬ್ಬನು ಮೂರು ಕೋವಿ ಇಟ್ಟುಕೊಳ್ಳಬಹುದು ಎಂದಿದ್ದುದನ್ನು 2019ರ ತಿದ್ದುಪಡಿಯಲ್ಲಿ ಎರಡಕ್ಕೆ ಇಳಿಸಿದಾಗ, ಒಂದೇ ಕೋವಿಯ ಈ ಮನುಷ್ಯ ತನ್ನದೊಂದನ್ನು ಯಾರೋ ಕಿತ್ತುಕೊಂಡಂತೆ ಮುಖ ಮಾಡಿಕೊಂಡು ಕೂತಿದ್ದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ಅವನ ಜೀವಮಾನದ ಸಂಕಟ. ಕೈಲ್‌ಪೊಳ್ದಿನಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜೆ ಮಾಡುವ ಫೋಟೋ ಪೇಪರಿನಲ್ಲಿ ಬಂದ ದಿನ, "ಹುಟ್ಟಿದ್ರೆ ಕೊಡಗಲ್ಲಿ ಹುಟ್ಟಕ್ಕು" ಎಂದು ಅಡಕೆ ಸುಲಿಯುವವರ ಮುಂದೆ ಹೇಳಿ ನಗೆಗೀಡಾಗುತ್ತಾನೆ. ರಿವಾಲ್ವರಿಗೆ ಅರ್ಜಿ ಹಾಕೋಣ ಎಂದರೆ ಆತ್ಮರಕ್ಷಣೆಗೆ ಕಾರಣ ಬೇಕು. ಜೀವಬೆದರಿಕೆ ಯಾರಿಂದ? ಭಾವನಿಗೆ ಊರಲ್ಲಿ ಶತ್ರುಗಳೇ ಇಲ್ಲ. ಇರುವ ಒಬ್ಬ ದಾಯಾದಿಯೂ ಬೇಲಿ ವಿಷಯ ಬಿಟ್ಟರೆ ಒಳ್ಳೆಯವನು.

ಇಷ್ಟಕ್ಕೂ ಈ ಹುಚ್ಚು ಹತ್ತಿದ್ದು ಸಿನಿಮಾದಿಂದ. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿ ಬಂದದ್ದನ್ನು ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ನೋಡಿದನಂತೆ. ಎಲ್ಲರೂ ನಾಯಕನ ಮುಖ ನೋಡಿದರೆ ಇವನು ಕೈ ನೋಡಿದ. ಆಮೇಲೆ ಯಾವಾಗಲೋ 1971ರ 'ಡರ್ಟಿ ಹ್ಯಾರಿ' ಸಿಕ್ಕಿತು. ಅದರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ .44 ಮ್ಯಾಗ್ನಮ್. ಅಲ್ಲಿಗೆ ಕೊಳೆರೋಗದ ಔಷಧಿ ಹೊಡೆಸುವ ತಾರೀಕು ಭಾವನ ತಲೆಯಿಂದ ಶಾಶ್ವತವಾಗಿ ಹೋಯಿತು. ಆ ಖಾತೆ ಈಗ ಅಕ್ಕನದು.

ಅವನ ಪಾಠ ಕೇಳುವವರೆಗೆ ನಾನು ದೊಡ್ಡ ಗುಂಡು ಎಂದರೆ ದೊಡ್ಡ ಒದೆತ ಎಂದುಕೊಂಡಿದ್ದೆ. ಹಾಗಲ್ಲವಂತೆ. ಬ್ರಿಟಿಷ್ ಸೈನ್ಯ 1915ರಲ್ಲಿ ತೆಗೆದುಕೊಂಡ .455 ವೆಬ್ಲಿಯ ಗುಂಡು ಸುಮಾರು 17 ಗ್ರಾಂ ತೂಕದ್ದು, ಆದರೆ ಅದು ಹೋಗುವುದು ಸೆಕೆಂಡಿಗೆ 200 ಮೀಟರಿನ ಆಸುಪಾಸು, ಪಟೇಲನ ಗತ್ತಿನಲ್ಲಿ. ರಿವಾಲ್ವರೇ ಒಂದು ಕಿಲೋ ಮೇಲಿರುವುದರಿಂದ ಕೈಗೆ ನೂಕಿದ ಹಾಗಾಗುತ್ತದೆ, ಹೊಡೆದ ಹಾಗಲ್ಲ. 1955ರಲ್ಲಿ ಬಂದ .44 ಮ್ಯಾಗ್ನಮ್ಮಿನ ಗುಂಡು 15 ಗ್ರಾಂ ಚಿಲ್ಲರೆ. ವೇಗ ಮಾತ್ರ 400 ಮೀಟರ್ ದಾಟುತ್ತದೆ. ಆ ವ್ಯತ್ಯಾಸ ಅಷ್ಟೂ ಹಿಡಿದವನ ಅಂಗೈ ಮೇಲೆ. 2003ರ .500 ಬಗ್ಗೆ ಮಾತಾಡುವಾಗ ಭಾವ ಕವಳ ಉಗುಳಿ ಬಂದು ಕೂರುತ್ತಾನೆ.

ಇಲ್ಲಿಂದ ಹಿಡಿಯ ಪುರಾಣ. ನಳಿಗೆ ಇರುವುದು ಮುಷ್ಟಿಗಿಂತ ಮೇಲೆ, ಆದ್ದರಿಂದ ಈಡು ಹಾರಿದಾಗ ರಿವಾಲ್ವರ್ ಬರೀ ಹಿಂದೆ ಬರುವುದಿಲ್ಲ, ಮೂತಿ ಎತ್ತುತ್ತದೆ. 1873ರ ಕೋಲ್ಟಿನ ಬಾಗಿದ ಹಿಡಿಯಾದರೆ ಅಂಗೈಯಲ್ಲಿ ಉರುಳಿ ಆ ಜೋರನ್ನು ಕಳೆಯುತ್ತದೆ. ಈಚಿನವುಗಳ ಬೆನ್ನಿನಲ್ಲಿ ಒಂದು ಗೂನು ಇರುತ್ತದೆ. ಅದು ಉರುಳಲು ಬಿಡದೆ ನೇರ ಹೆಬ್ಬೆರಳಿನ ಕವಲಿಗೆ ಗುದ್ದುತ್ತದೆ. ಹಿಡಿ ತೆಳ್ಳಗಿದ್ದರೆ ಪೆಟ್ಟು ಒಂದೇ ಗೆರೆಯ ಮೇಲೆ, ಅಗಲವಿದ್ದರೆ ಅಂಗೈಗೆಲ್ಲ ಹಂಚಿಕೆ. ಹಾಗೆಂದು ತೀರಾ ದಪ್ಪ ಮಾಡಿದರೆ ಬೆರಳು ಕುದುರೆಗೆ ಎಟುಕುವುದಿಲ್ಲ. ಕುದುರೆಯ ಸುತ್ತ ಇರುವ ಕಬ್ಬಿಣದ ಬಳೆಗೂ ಹಿಡಿಗೂ ನಡುವೆ ಸಂದು ಬಿಟ್ಟರೆ ಆ ಬಳೆ ಹಿಂದೆ ಬಂದು ನಡುಬೆರಳಿನ ಗಿಣ್ಣಿಗೆ ಬಡಿಯುತ್ತದೆ. ಅಲ್ಲಿ ಮರ ತುಂಬಬೇಕು. ರಬ್ಬರ್ ಹಿಡಿ ಮೆತ್ತಗೆ, ಬೆನ್ನನ್ನೂ ಮುಚ್ಚಿದರೆ ಇನ್ನೂ ಸುಖ, ನೋಡಲು ಮಾತ್ರ ಸ್ಕೂಟರ್ ಹ್ಯಾಂಡಲ್ಲು. ಬೆರಳಿಗೆ ಗುಳಿ ತೋಡಿದ ಹಿಡಿ ತೋಡಿಸಿದವನಿಗೆ ಸ್ವರ್ಗ, ಉಳಿದವರಿಗೆ ಶಿಕ್ಷೆ. 2014ರಲ್ಲಿ ಕಾನ್ಪುರದಲ್ಲಿ ಹೆಂಗಸರಿಗೆಂದು ಮಾಡಿದ ಅರ್ಧ ಕಿಲೋ ತೂಕದ .32 'ನಿರ್ಭೀಕ್' ಅವನ ಲೆಕ್ಕಕ್ಕೇ ಇಲ್ಲ. "ಹಗೂರ ಇದ್ರೆ ಹೊರಲೆ ಚಂದ. ಹಾರ್ಸಲೆ ಭಾರ ಇರವು ತಮಾ."

ಇದೆಲ್ಲ ಖಂಡಿತ ನಿಜವಿರಬೇಕು, ತರ್ಕ ಸರಿಯಾಗಿಯೇ ಕೂರುತ್ತದೆ. ತೊಂದರೆ ಎಂದರೆ ಇದನ್ನು ಕೇಳುವ ಹೊತ್ತಿಗೆ ನನ್ನ ಬಲಗೈ ಅವನ ಕೈಯಲ್ಲಿರುತ್ತದೆ. ಬಿಡಿಸಿಕೊಳ್ಳುವ ಹಾಗಿಲ್ಲ. ಕೊನೇ ಬಸ್ಸು ಹೋಗುವ ಸದ್ದನ್ನು ಹೀಗೆ ಕೈ ಕೊಟ್ಟು ಕೂತೇ ಕೇಳಿದವನು ನಾನು.

ಕೈ ಅಳೆಯುವ ಚಟದಿಂದ ಆದ ಒಂದು ಅನಾಹುತ ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ತೋಟ ಮಾಡಿಕೊಂಡು ಊರಲ್ಲೇ ಇರುವ ಹುಡುಗರಿಗೆ ಈ ಸೀಮೆಯಲ್ಲಿ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆಯ ಒಬ್ಬ ಹುಡುಗನಿಗೆ ಯಲ್ಲಾಪುರದ ಕಡೆಯ ಸಂಬಂಧವೊಂದು ಹತ್ತಿರ ಬಂದಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು. ಅಂಗಳ ಸಗಣಿ ಬಳಿದು ಕನ್ನಡಿಯಾಗಿತ್ತು, ತೊಡೆದೇವು ತಟ್ಟೆಯಲ್ಲಿತ್ತು, ವೈಫೈ ಬರುತ್ತದೆ ಎಂಬ ಮಾತನ್ನು ಮೂರು ಜನ ಬೇರೆ ಬೇರೆಯಾಗಿ ಹೇಳಿ ಆಗಿತ್ತು. ಹಿರಿಯರು ಯಾರಾದರೂ ಇರಲಿ ಎಂದು ಭಾವನನ್ನು ಕರೆಸಿದ್ದರು. ಭಾವ ಸುಮ್ಮನೆ ಕೂತಿದ್ದ. ಅದೇ ಆಶ್ಚರ್ಯ. ಅಷ್ಟರಲ್ಲಿ ಹುಡುಗ ಕವಳದ ಬಟ್ಟಲು ಮುಂದಿಡಲು ಬಗ್ಗಿದ. ಭಾವ ಅವನ ಮುಂಗೈ ಹಿಡಿದೇಬಿಟ್ಟ.

ಮಗುಚಿದ. ಒತ್ತಿದ. ಗೇಣು ಹಾಕಿದ. ಹೆಣ್ಣಿನ ಅಪ್ಪ ಕನ್ನಡಕ ಸರಿಮಾಡಿಕೊಂಡು ಮುಂದೆ ಜರುಗಿದರು. ಜಾತಕ ಕೂಡಿಸಿಯೇ ಬಂದಿದ್ದರೂ ಕೈಯನ್ನೂ ಕೇಳಿಬಿಡುವುದರಲ್ಲಿ ನಷ್ಟವೇನು?

"ಎಂತ ಕಾಣ್ತು?" ಎಂದರು.

ಭಾವ ನಿಟ್ಟುಸಿರು ಬಿಟ್ಟು, ತನ್ನ ವೃತ್ತಿಧರ್ಮಕ್ಕೆ ತಕ್ಕ ಪ್ರಾಮಾಣಿಕತೆಯಿಂದ ಹೇಳಿದ: "ಜೋರಿದ್ದು. ಆದ್ರೆ ಹಿಡಿತ ಇಲ್ಲೆ. ದೊಡ್ಡದು ಕೊಟ್ರೆ ಇವನ ಕೈಲಿ ನಿಲ್ತಿಲ್ಲೆ."

ಜಗಲಿ ತಣ್ಣಗಾಯಿತು. ಹೆಣ್ಣಿನ ಅಮ್ಮ ಸೆರಗು ಎಳೆದುಕೊಂಡರು. ಹುಡುಗನ ಅಪ್ಪ, ಮಗ ಇಸ್ಪೀಟೂ ಆಡುವವನಲ್ಲ ಎಂದು ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಟ್ಟು ಸಂಶಯಕ್ಕೆ ಗೊಬ್ಬರ ಹಾಕಿದರು. ನಾನು ನಡುವೆ ಬಾಯಿ ಹಾಕಿ, "ಹಾಗಲ್ಲ, ಭಾವ ಹೇಳಿದ್ದು ರಿವಾಲ್ವರ್ ವಿಚಾರ" ಎಂದೆ. ಆ ಮಾತಿನಿಂದ ಪರಿಸ್ಥಿತಿ ಸುಧಾರಿಸಿತು ಎಂದು ನೀವು ಭಾವಿಸಿದ್ದರೆ ನಿಮಗೆ ಹೆಣ್ಣು ಹೆತ್ತವರ ಪರಿಚಯವಿಲ್ಲ. ಕೊನೆಗೆ ಮದುವೆಯೇನೋ ಆಯಿತು. ಹುಡುಗಿಯೇ ಫೋನು ಮಾಡಿ ವಿಚಾರಿಸಿ, ನಕ್ಕು, ಒಪ್ಪಿದಳು. ಭಾವ ಮದುವೆಯಲ್ಲಿ ಅವಳ ಕೈಯನ್ನೂ ನೋಡಿ, "ಇವಳದ್ದು ಸಮಾ ಇದ್ದು!" ಎಂದು ಘೋಷಿಸಿದ್ದಾನೆ.

ಹಿಡಿ ಮಾಡಿಸುವ ಸಂಭ್ರಮ ಬೇರೆ. ಸಾಗವಾನಿ ಹಗುರ, ಹಲಸು ಬಣ್ಣಕ್ಕೆ ಚಂದ, ಮತ್ತಿ ಸಿಬಿರೇಳುತ್ತದೆ. ಬೀಟೆಯೇ ಆಗಬೇಕು. ಬೀಟೆ ಕಡಿಯಲು ಅರಣ್ಯ ಇಲಾಖೆ ಬಿಡುವುದಿಲ್ಲವಾದ್ದರಿಂದ ಅಜ್ಜನ ಮಂಚದ ಒಂದು ಕಾಲು ಆಹುತಿಯಾಯಿತು. ಆ ಮಂಚ ಈಗ ಮೂರು ಕಾಲು, ಒಂದು ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಂತಿದೆ. ತುಂಡನ್ನು ಹೆಗಲಚೀಲದಲ್ಲಿ ಹಾಕಿಕೊಂಡು ಭಾವ ಗುಡಿಗಾರರಲ್ಲಿಗೆ ಹೋದ. ಗಂಧದಲ್ಲಿ ಗಣಪತಿ, ದಶಾವತಾರದ ಪೆಟ್ಟಿಗೆ ಕೆತ್ತುವ ಮನೆತನ ಅದು. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದ ಹಿರಿಯರು, "ಇದು ಯಾವ ದೇವರ ಕೈಗೆ ಬರ್ತದೆ ಹೆಗಡೇರೆ?" ಎಂದು ಕೇಳಿದರಂತೆ. ಆದರೆ ಕೆಲಸ ಬಂತಲ್ಲ, ನೋಡಬೇಕು: ಎರಡು ಹೋಳು, ಒಂದರ ಗೆರೆ ಇನ್ನೊಂದಕ್ಕೆ ಕನ್ನಡಿ ಹಿಡಿದಂತೆ, ಬೆವರಿಗೆ ಜಾರದಿರಲೆಂದು ಅಂಗೈ ತಾಗುವಲ್ಲಿ ಸಣ್ಣ ಚೌಕುಳಿ ಗೀರು. ಭಾವ ಅದನ್ನು ಒರೆಸಿ ಹಿಡಿದು, ಕಣ್ಣು ಮುಚ್ಚಿ, "ಇಲ್ಲೆ, ಕೆಳಗೆ ಒಂದು ನೂಲು ಹೆಚ್ಚಾತು" ಎಂದ. ಯಾವ ರಿವಾಲ್ವರಿಗೆ ಹೋಲಿಸಿ ಹೆಚ್ಚು ಎಂದು ನಾನು ಕೇಳಲಿಲ್ಲ.

ಸಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿ ಬಲೂನು ಒಡೆಯುವ ಅಂಗಡಿಯಲ್ಲಿ ಭಾವ ಗುರಿ ಇಡುವುದನ್ನು ನೋಡಲು ಗುಂಪು ಸೇರುತ್ತದೆ. ನಿಲುವು, ಉಸಿರು ಬಿಗಿ, ಎಲ್ಲವೂ ಶಾಸ್ತ್ರೋಕ್ತ. ಬಲೂನು ಒಡೆಯುವುದಿಲ್ಲ. ಹಿಡಿ ಸರಿಯಿಲ್ಲ ಎಂದು ಅಂಗಡಿಯವನಿಗೆ ಉಪದೇಶ ಮಾಡುತ್ತಿರುವಾಗ ಪಕ್ಕದ ಶಾಲೆ ಹುಡುಗಿ ಅದೇ ಬಂದೂಕು ಎತ್ತಿಕೊಂಡು ಸಾಲಾಗಿ ಪಟಪಟ ಒಡೆದು ಹೋಗುತ್ತಾಳೆ.

ಚುನಾವಣೆ ಬಂತೆಂದರೆ ಭಾವನಿಗೆ ಸೂತಕ. ಕೋವಿಯನ್ನು ಠಾಣೆಗೆ ಒಪ್ಪಿಸಿ ಚೀಟಿ ತರಬೇಕು. ಕಳೆದ ಸಲ ನನ್ನ ಗಾಡಿಯಲ್ಲೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕೋವಿ ಅವನ ತೊಡೆಯ ಮೇಲೆ ಮಲಗಿತ್ತು. ಹೊತ್ತು ಹೋಗಲೆಂದು ಅದರ ಮರ ಸವರಿ ನೋಡಿದೆ. ಕೆನ್ನೆ ತಾಗುವ ಜಾಗದಲ್ಲಿ ಬಟ್ಟಲಿನಂತೆ ಸವೆದು, ಎಣ್ಣೆ ಕುಡಿದು ಕಪ್ಪಾಗಿತ್ತು. "ಅದು ಅಪ್ಪಯ್ಯನ ಗಲ್ಲ" ಎಂದ. ಅಪ್ಪಯ್ಯ ಗಿಡ್ಡ ಆಳು, ಇವನು ಆರಡಿ ಹತ್ತಿರ. ಅಪ್ಪಯ್ಯನ ಕುತ್ತಿಗೆಗೆ ಸರಿಯಾಗಿ ಮಾಡಿಸಿದ ಮರ ಇವನಿಗೆ ಯಾವತ್ತೂ ಕೂತಿಲ್ಲ. ಪ್ರತಿ ಸಲ ಎತ್ತಿದಾಗಲೂ ತಲೆ ಬಗ್ಗಿಸಬೇಕು, ಪ್ರತಿ ಈಡಿಗೂ ದವಡೆಗೆ ಒಂದು ಪೆಟ್ಟು. ಬೇರೆ ಮರ ಹಾಕಿಸಬಹುದಿತ್ತಲ್ಲ ಎಂದೆ. ಅಪ್ಪಯ್ಯ ಇದ್ದಾಗ ಕೇಳಲು ಧೈರ್ಯವಿರಲಿಲ್ಲ, ಹೋದ ಮೇಲೆ ಮನಸ್ಸು ಬರಲಿಲ್ಲ ಎಂದ. ತೋಟವೂ ಹಾಗೆಯೇ ಬಂದದ್ದು, ಮನೆಯೂ, ಸೊಸೈಟಿಯ ಸಾಲವೂ. ಕಾಲೇಜಿಗೆ ಧಾರವಾಡಕ್ಕೆ ಹೋಗಬೇಕೆಂದಿದ್ದವನು ಆ ವರ್ಷದ ಕೊನೆ ಕೊಯ್ಲು ಮುಗಿಸಿ ಹೋಗುತ್ತೇನೆಂದು ನಿಂತವನಂತೆ. ಮಗ ಬೆಂಗಳೂರಲ್ಲಿದ್ದಾನೆ. ಲೈಸೆನ್ಸು ತನ್ನ ಹೆಸರಿಗೆ ಬೇಡ ಎಂದು ಹೇಳಿಯಾಗಿದೆ. ಅದನ್ನು ಹೇಳುವಾಗ ಭಾವ ನನ್ನ ಕೈ ಅಳೆಯಲಿಲ್ಲ.

ಅಯ್ಯೋ ಪಾಪ ಎಂದು ಮೆತ್ತಗಾಗಿ, ಮುಂದಿನ ವಾರ ನಾನಾಗಿಯೇ ಅವನ ಮನೆಗೆ ಹೋದೆ. ಜಗಲಿಯಲ್ಲಿ ಜಗಳ ನಡೆದಿತ್ತು. ಕುಕ್ಕರಿನ ಹಿಡಿ ಮುರಿದು ಒಂದು ತಿಂಗಳಾಗಿ, ಪೇಟೆಯಿಂದ ತಂದುಕೊಡಿ ಎಂದು ಹೇಳಿ ಹೇಳಿ ಸಾಕಾದ ಅಕ್ಕ, ಬಿಸ್ಕೀಟು ಡಬ್ಬಿ ತೆಗೆದು, ಬೀಟೆಯ ಆ ಎರಡು ಹೋಳುಗಳನ್ನು ತೂತು ಕೊರೆಸಿ ಸ್ಕ್ರೂ ಹಾಕಿಸಿಬಿಟ್ಟಿದ್ದಳು.

"ನಿಂಗಳ ಹಿಡಿ ಅಂತೂ ಒಂದು ಉಪಯೋಗಕ್ಕೆ ಬಂತು" ಎಂದು ಬಿಸಿ ಕುಕ್ಕರನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದಳು. "ಎಂತ ಸಮಾ ಕೂತಿದ್ದು ನೋಡಿ!"

ಭಾವನ ಮುಖ ಕೆಂಪಾಗಿತ್ತು. ಸೀಟಿ ಇಳಿಯುವವರೆಗೆ ತಡೆದುಕೊಂಡ. ಆಮೇಲೆ ಎದ್ದು ಹೋಗಿ ಕುಕ್ಕರನ್ನು ತಾನೇ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಹಿಡಿಗೂ ಪಾತ್ರೆಗೂ ನಡುವಿನ ಸಂದಿಗೆ ಬೆರಳು ತೂರಿಸಿ ನೋಡಿದ.

"ನಡುಬೆರಳು ಸುಡ್ತು" ಎಂದ. "ನಾ ಹೇಳಿದ್ದಿಲ್ಯಾ? ಇಲ್ಲಿ ಮರ ತುಂಬವು. ತಮಾ, ನಿನ್ನ ಕೈ ಕೊಡು ನೋಡನ."