ಎಡಗಡೆ ಸೀಟಿನ ಮಾಸ್ತರು

ಕಾರಿಗೆ ಡ್ರೈವರ್ ಇಟ್ಟುಕೊಂಡವರು ಕಾರವಾರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಡ್ರೈವರನಿಂದಲೇ ಮುಂಗಡ ಫೀ ವಸೂಲು ಮಾಡಿ, ಗಾಡಿ ಬಂದ್ ಬಿದ್ದಾಗಲೆಲ್ಲ ಅವನಿಗೇ ಬೈದು, ತಾನು ಎಡಗಡೆ ಸೀಟಿನಲ್ಲಿ ಕೂತು ಊರೆಲ್ಲ ತಿರುಗುವ ಯೋಗ ಒಬ್ಬರಿಗೆ ಮಾತ್ರ ಇದೆ. ಅವರೇ ನಮ್ಮ ಡ್ರೈವಿಂಗ್ ಸ್ಕೂಲಿನ ಮಾಸ್ತರು.

ಮಾಸ್ತರ ಗಾಡಿ ಮಾರುತಿ 800. ಕಂಪನಿಯವರು ಆ ಮಾಡೆಲ್ ತಯಾರಿಸುವುದನ್ನು 2014ರಲ್ಲೇ ನಿಲ್ಲಿಸಿದರು. ಮಾಸ್ತರ ಗಾಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕೆಎ 30ರ ನಂಬರು, ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್. ಹಿಂದಿನಿಂದ ಬರುವವರು ಸ್ವಲ್ಪ ಸಮಾಧಾನದಿಂದ ಇರಲಿ ಎಂದು ಸರ್ಕಾರ ಆ ಅಕ್ಷರ ಹಾಕಿಸುತ್ತದೆ. ನಮ್ಮಲ್ಲಿ ಅದನ್ನು ಕಂಡವರೆಲ್ಲ ಒಮ್ಮೆ ಹಾರ್ನ್ ಒತ್ತಿ, ಪಕ್ಕಕ್ಕೆ ಬಂದು ಮುಖ ನೋಡಿ, ಯಾರ ಮನೆಯವರು ಎಂದು ಖಾತ್ರಿ ಮಾಡಿಕೊಂಡೇ ಮುಂದೆ ಹೋಗುವುದು.

ಎಡಗಡೆ ಸೀಟಿನ ಕೆಳಗೆ ಇನ್ನೊಂದು ಜೊತೆ ಪೆಡಲು ಇದೆ, ಒಂದು ಕ್ಲಚ್, ಒಂದು ಬ್ರೇಕ್. ಕಲಿಸುವ ಗಾಡಿಗೆ ಈ ಜೋಡಿ ವ್ಯವಸ್ಥೆ ಇರಲೇಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬರೆದಿದೆ. ಮಾಸ್ತರ ಸೊಂಟದ ಮೇಲಿನ ಭಾಗ ಮೊಬೈಲಿನಲ್ಲಿ ಮಾತಾಡುತ್ತದೆ, "ಹ್ಞಾಂ, ನಾಡಿದ್ದು ಬನ್ನಿ, ಆಧಾರ್ ಕಾರ್ಡು ತನ್ನಿ" ಎನ್ನುತ್ತದೆ, ಕಿಟಕಿಯಿಂದ ಕೈ ಹೊರಗೆ ಹಾಕಿ ಪರಿಚಯದವರಿಗೆ ನಮಸ್ಕಾರ ಹೇಳುತ್ತದೆ. ಆ ನಮಸ್ಕಾರವನ್ನು ನಂಬಿ, ಗಾಡಿ ಎಡಕ್ಕೆ ಹೊರಳುತ್ತದೆ ಎಂದುಕೊಂಡು ಬಲಗಡೆಯಿಂದ ನುಗ್ಗಿ ಬಂದವರ ಬೈಗುಳವನ್ನೂ ಅದೇ ಭಾಗ ಸ್ವೀಕರಿಸುತ್ತದೆ. ಸೊಂಟದ ಕೆಳಗಿನ ಭಾಗಕ್ಕೆ ಈ ಗದ್ದಲದ ಸಂಬಂಧವೇ ಇಲ್ಲ. ಅದು ಬಾಯಿ ಮುಚ್ಚಿಕೊಂಡು ಗಾಡಿ ಓಡಿಸುತ್ತಿರುತ್ತದೆ. ಶಿಷ್ಯ ಮನೆಗೆ ಹೋಗಿ, "ಇವತ್ತು ಸುಭಾಷ್ ಸರ್ಕಲ್‌ನಲ್ಲಿ ನಾನೇ ತಿರುಗಿಸಿದೆ" ಎನ್ನುತ್ತಾನೆ. ತಿರುಗಿಸಿದ್ದು ನಿಜ. ನಿಲ್ಲಿಸಿದ್ದು, ಹೊರಡಿಸಿದ್ದು, ಎದುರಿನ ಕೆಂಪು ಬಸ್ಸಿನಿಂದ ಉಳಿಸಿದ್ದು ಮಾಸ್ತರ ಹವಾಯಿ ಚಪ್ಪಲಿ.

ಲಘು ವಾಹನ ಕಲಿಸಲು ಕನಿಷ್ಠ 21 ದಿನ, ಅದರಲ್ಲಿ ಗಾಡಿ ಹೊಡೆಯುವುದು ಕನಿಷ್ಠ 10 ಗಂಟೆ ಎಂದು ನಿಯಮ. ದಿನಕ್ಕೆ ಅರ್ಧ ಗಂಟೆ ಹಿಡಿದರೆ ಲೆಕ್ಕ ಸರಿಹೋಗುತ್ತದೆ. ಮಾಸ್ತರ ಅರ್ಧ ಗಂಟೆಯಲ್ಲಿ ಸೀಟು ಹಿಂದೆ ಮುಂದೆ ಮಾಡುವುದೂ, ಮುಂದಿನ ಶಿಷ್ಯನನ್ನು ಹಬ್ಬುವಾಡದ ಮನೆಯಿಂದ ಹತ್ತಿಸಿಕೊಳ್ಳುವುದೂ, ಅವನು ಸ್ನಾನ ಮುಗಿಸಿ ಬರುವವರೆಗೆ ಗೇಟಿನ ಮುಂದೆ ಕಾಯುವುದೂ ಸೇರಿವೆ. ಕಾಯುವುದು ನ್ಯೂಟ್ರಲ್ ಪಾಠ. ಮಗಳನ್ನು ಶಾಲೆಗೆ ಬಿಡುವುದು ಟ್ರಾಫಿಕ್ ಪಾಠ. ಮೀನು ಪೇಟೆಯ ಮುಂದೆ ಎರಡು ಸ್ಕೂಟರುಗಳ ನಡುವೆ ಗಾಡಿ ತೂರಿಸಿ ನಿಲ್ಲಿಸುವುದು ಪಾರ್ಕಿಂಗ್ ಪಾಠ. ಶಿಷ್ಯ ಸ್ಟಿಯರಿಂಗ್ ನೇರ ಮಾಡುವಷ್ಟರಲ್ಲಿ ಮಾಸ್ತರು ಚೀಲದೊಂದಿಗೆ ವಾಪಸು ಬಂದಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆಯಲ್ಲ, ಆ ಎರಡು ತಿಂಗಳಲ್ಲಿ ಕಲಿತ ಬ್ಯಾಚಿನವರಿಗೆ ಪಾರ್ಕಿಂಗ್ ಅಷ್ಟಕ್ಕಷ್ಟೇ.

ಎಲ್ಲಕ್ಕಿಂತ ಮಿಗಿಲು ಹೈವೆ ಪಾಠ. ಬೆಳಗಿನ ಕ್ಲಾಸು ಕಾರವಾರದಲ್ಲಿ, ಮಧ್ಯಾಹ್ನದ ಮೇಲೆ ಅಂಕೋಲೆಯಲ್ಲಿ. ನಡುವೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 35 ಕಿಲೋಮೀಟರು. ಕಾರವಾರದ ಒಬ್ಬ ಶಿಷ್ಯನನ್ನು ಆರಿಸಿ, "ನೀನು ತಯಾರಾಗಿದ್ದೀಯಾ ಮಾರಾಯ, ಇವತ್ತು ಹೈವೆಗೆ ಹಾಕುವ" ಎನ್ನುತ್ತಾರೆ. ಶಿಷ್ಯನಿಗೆ ಪ್ರಮೋಶನ್ ಸಿಕ್ಕ ಸಂತೋಷ. ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ ದಾಟಿ ಬೆವರಿಳಿಸಿಕೊಂಡು ಅಂಕೋಲೆ ಮುಟ್ಟುತ್ತಾನೆ. ಅಲ್ಲಿ ಗಾಡಿ ಮಾಸ್ತರ ಹತ್ತಿರ ಉಳಿಯುತ್ತದೆ, ಶಿಷ್ಯ ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿ ಕಾರವಾರಕ್ಕೆ ಮರಳುತ್ತಾನೆ. ಸಂಜೆ ಅಂಕೋಲೆಯ ಒಬ್ಬನಿಗೆ ರಾತ್ರಿ ಗಾಡಿ ಹೊಡೆಯುವ ಪಾಠ. ಅವನು ಮಾಸ್ತರನ್ನು ಕಾರವಾರದ ಮನೆಬಾಗಿಲಿಗೆ ತಂದುಬಿಟ್ಟು ಕೊನೆಯ ಬಸ್ಸಿಗೆ ಓಡುತ್ತಾನೆ. ಇಬ್ಬರೂ ಥ್ಯಾಂಕ್ಸ್ ಬೇರೆ ಹೇಳಿರುತ್ತಾರೆ.

ಸ್ಕೂಲು ಎಂದರೆ ಒಂದು ಖೋಲಿ. ಎಂಜಿನ್, ಗೇರ್ ಬಾಕ್ಸು, ಬ್ರೇಕ್ ಡ್ರಮ್ಮು, ರಸ್ತೆ ಗುರುತುಗಳ ಪಟ ಇರಬೇಕೆಂದು ನಿಯಮವಿರುವುದರಿಂದ ಎಲ್ಲವೂ ಇವೆ. ಗೇರ್ ಬಾಕ್ಸಿನ ಮೇಲೆ ಪಂಚಾಂಗ, ಬ್ರೇಕ್ ಡ್ರಮ್ಮಿನಲ್ಲಿ ಒದ್ದೆ ಕೊಡೆಗಳು. ಎಲ್‌ಎಲ್‌ಆರ್ ಪರೀಕ್ಷೆಯ ತಯಾರಿ ಇಲ್ಲೇ. ನೂರಕ್ಕೆ 60 ಬಂದರೆ ಪಾಸು. ಆಸ್ಪತ್ರೆಯ ಎದುರು ಹಾರ್ನ್ ಹಾಕಬಾರದು ಎಂದು ಪಟ ತೋರಿಸಿ ವಿವರಿಸುತ್ತಿದ್ದಾಗ ಬೇಲೇಕೇರಿಯ ಹುಡುಗನೊಬ್ಬ, "ಮೀನು ಮಾರುವವನಿಗೂ ಈ ಪ್ರಶ್ನೆ ಕೇಳ್ತಾರಾ ಸರ್?" ಎಂದ. ಮಾಸ್ತರು ಅವನನ್ನು ಒಂದು ವಾರ ಹಿಂದಿನ ಸೀಟಿನಲ್ಲಿ ಕೂರಿಸಿದರು.

ಪಾಠದ ಭಾಷೆ ಮೂರು. ಕನ್ನಡದಲ್ಲಿ ವಿವರಣೆ, ನೌಕಾನೆಲೆಯ ಕುಟುಂಬದವರಿಗೆ ಹಿಂದಿ, ಜೀವಕ್ಕೆ ಬಂದಾಗ ಎಲ್ಲರಿಗೂ ಕೊಂಕಣಿ. ಒಮ್ಮೆ ಅರ್ಗಾದ ಕ್ವಾರ್ಟರ್ಸಿನ, ಹರಿಯಾಣದ ಕಡೆಯ ಹೆಂಗಸಿಗೆ, "ಧೀರೇ ಧೀರೇ ಛೋಡೋ" ಎಂದರು. ಅವರು ಹೇಳಿದ್ದು ಕ್ಲಚ್ಚು. ಆಕೆ ವಿನಯದಿಂದ ಸ್ಟಿಯರಿಂಗನ್ನೇ ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಂಡಳು. ಟ್ಯಾಗೋರ್ ಬೀಚಿನ ಪಕ್ಕದಲ್ಲಿ ಬೆಳಗಿನ ವಾಕಿಂಗ್ ಮಾಡುತ್ತಿದ್ದ ಮೂವರು ನಿವೃತ್ತರು ಆ ದಿನ ಎಷ್ಟೋ ವರ್ಷಗಳ ಬಳಿಕ ಓಡಿದರು. ಹಡಗಿನ ಕೆಲಸದಿಂದ ರಜೆಗೆ ಬಂದ ಸದಾಶಿವಗಡದ ಹುಡುಗನದು ಬೇರೆ ತರಹ. ಸಮುದ್ರವನ್ನೆಲ್ಲ ಸುತ್ತಿ ಬಂದವನು ಗ್ರೀನ್ ಸ್ಟ್ರೀಟಿನಲ್ಲಿ ಸೈಕಲ್ ಎದುರಾದರೆ ಬ್ರೇಕ್ ಮುಟ್ಟುವುದಿಲ್ಲ, ಸುಮ್ಮನೆ ದೂರದಿಂದಲೇ ಹಾರ್ನ್ ಒತ್ತುತ್ತಾನೆ. "ಹಡಗಿಗೆ ಬ್ರೇಕ್ ಇಲ್ಲ, ಅವನ ತಪ್ಪಲ್ಲ" ಎಂದು ಮಾಸ್ತರು ಕ್ಷಮಿಸುತ್ತಾರೆ.

ಇಷ್ಟೆಲ್ಲ ಆದರೂ ಮಾಸ್ತರ ಪಾಠದಲ್ಲಿ ಯಾವ ನಿಯಮದ ಪುಸ್ತಕದಲ್ಲೂ ನಾನು ಕಾಣದ ಒಂದು ಮಾತಿದೆ. ಅಂಕೋಲೆ ಪೇಟೆಗೆ ತರಕಾರಿ, ಸೌದೆ ಹೊತ್ತು ಬರುವ ಹಾಲಕ್ಕಿ ಹೆಂಗಸರು ರಸ್ತೆಯ ಅಂಚಿನಲ್ಲಿ ಸಾಲಾಗಿ ನಡೆಯುತ್ತಿರುತ್ತಾರೆ. ಶಿಷ್ಯನ ಕೈ ಹಾರ್ನಿಗೆ ಹೋದರೆ ಮಾಸ್ತರು ಫೋನನ್ನೂ ಬಿಟ್ಟು ಆ ಕೈಯನ್ನು ತೆಗೆದಿಡುತ್ತಾರೆ. "ತಲೆ ಮೇಲೆ ಹೊರೆ ಇದ್ದವರಿಗೆ ಹಾರ್ನ್ ಹಾಕಬಾರ್ದು ತಮಾ. ಅವರಿಗೆ ತಿರುಗಿ ನೋಡೋಕಾಗೋದಿಲ್ಲ, ಗಾಬರಿ ಆಗ್ತದೆ ಅಷ್ಟೇ. ಸೆಕೆಂಡ್ ಗೇರಿಗೆ ಹಾಕು, ದೂರ ಇಟ್ಕೊಂಡು ದಾಟು." ಈ ಒಂದು ಪಾಠಕ್ಕೆ ಇಡೀ ಫೀ ಕೊಡಬಹುದು ಎಂದು ನನ್ನ ಅಭಿಪ್ರಾಯ. ಬಂಡಿ ಹಬ್ಬದ ಜನಜಂಗುಳಿಯಲ್ಲಿ ಹಾರ್ನ್ ಒತ್ತುತ್ತಾ ನುಗ್ಗುವ ದೊಡ್ಡ ಗಾಡಿಗಳವರಿಗೆ ಇದನ್ನು ಯಾರು ಕಲಿಸಬೇಕೋ.

ಮಾಸ್ತರು ಬೈಯಲಾಗದ ಶಿಷ್ಯೆ ಇದುವರೆಗೆ ಒಬ್ಬರೇ. ಅವರ್ಸಾ ಶಾಲೆಯಲ್ಲಿ ಇವರಿಗೆ ಮಗ್ಗಿ ಕಲಿಸಿದ ಅಕ್ಕೋರು. ರಿಟೈರಾಗಿ ಕಾರವಾರದಲ್ಲಿ ಮನೆ ಮಾಡಿದ ಮೇಲೆ ಒಂದು ದಿನ ಸ್ಕೂಲಿನ ಖೋಲಿಗೆ ಬಂದು, ಪಟದಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿ, "ನನಗೆ ಕಾರು ಕಲಿಸು" ಎಂದು ಕೂತರು. ಮಾಲಾದೇವಿ ಮೈದಾನದಲ್ಲಿ ಸುತ್ತು ಹಾಕುವಾಗ ಕ್ರಿಕೆಟ್ ಹುಡುಗರು ಗಾಡಿ ಬಂತೆಂದು ವಿಕೆಟ್ ಕಿತ್ತುಕೊಂಡು ಓಡುವಷ್ಟರ ಮಟ್ಟಿಗೆ ಅಕ್ಕೋರು ಬೇಗ ಹೆಸರು ಮಾಡಿದರು. ಆಮೇಲೆ ಚಡಾವಿನ ಪಾಠ.

ಅದಕ್ಕೆ ಮಾಸ್ತರು ಕಾಳಿ ಸೇತುವೆ ದಾಟಿ ಸದಾಶಿವಗಡದ ಗುಡ್ಡಕ್ಕೆ ಹೋಗುತ್ತಾರೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಒಂದು ಲಾರಿಯ ಸಮೇತ ಹೊಳೆಗೆ ಬಿದ್ದ ಮೇಲೆ, ಉಳಿದ ಸೇತುವೆಯ ಮೇಲೆ ಮಾತ್ರ ಅವರು ಫೋನು ತೆಗೆಯುವುದಿಲ್ಲ. ಆ ಲಾರಿಯ ಚಾಲಕ ಬದುಕಿ ಬಂದ ಕತೆಯನ್ನು ಪ್ರತಿ ಬ್ಯಾಚಿಗೂ ಹೇಳುತ್ತಾರೆ, ಅದೂ ಸೇತುವೆಯ ನಟ್ಟನಡುವೆ. ಶಿಷ್ಯರಿಗೆ ಧೈರ್ಯ ಬರಲಿ ಎಂದಂತೆ.

ಗುಡ್ಡದ ಏರಿನಲ್ಲಿ ಗಾಡಿ ನಿಲ್ಲಿಸಿ, ಡಿಕ್ಕಿಯಿಂದ ಒಂದು ತೆಂಗಿನ ಸಿಪ್ಪೆ ತೆಗೆದು ಹಿಂದಿನ ಗಾಲಿಯ ಹಿಂದೆ ಬೆರಳಗಲ ಬಿಟ್ಟು ಇಡುತ್ತಾರೆ. ಸಿಪ್ಪೆ ಜಜ್ಜದೆ ಗಾಡಿ ಮುಂದೆ ಹೊರಟರೆ ಪಾಸು. "ಅಕ್ಕೋರೆ, ಈಗ ಕ್ಲಚ್ ಸಾವಕಾಶ ಬಿಡಿ. ಎಂಜಿನ್ನಿನ ಸದ್ದು ದಪ್ಪ ಆಗ್ತದೆ, ಬಾನೆಟ್ಟು ಸ್ವಲ್ಪ ಮೇಲೆ ಎತ್ತಿದ ಹಾಗೆ ಆಗ್ತದೆ. ಅಲ್ಲೇ ಕಾಲು ನಿಲ್ಲಿಸಿ. ಅದೇ ಹಾಫ್ ಕ್ಲಚ್. ಈಗ ಹ್ಯಾಂಡ್ ಬ್ರೇಕ್ ಇಳಿಸಿ, ರೇಸ್ ಕೊಡಿ." ಸದ್ದು ದಪ್ಪವಾಯಿತು, ಬಾನೆಟ್ಟು ಎತ್ತಿತು, ಅಕ್ಕೋರು ಹ್ಯಾಂಡ್ ಬ್ರೇಕ್ ಇಳಿಸಿದರು, ಕಾಲು ಗಾಬರಿಯಲ್ಲಿ ಪೂರ್ತಿ ಮೇಲೆ ಬಂತು, ಗಾಡಿ ಒಮ್ಮೆ ಕುಪ್ಪಳಿಸಿ ಸತ್ತು ಹಿಂದಕ್ಕೆ ಜಾರಿತು. ಕೆಳಗೆ ಚರಕ್ ಎಂದಿತು.

"ಏನು ಸದ್ದು ಅದು?"

"ಸಿಪ್ಪೆ, ಅಕ್ಕೋರೆ."

"ನೀನು ಸರಿಯಾಗಿ ಹೇಳಲಿಲ್ಲ. ಮತ್ತೊಮ್ಮೆ ಹೇಳು. ಬಿಡಿಸಿ ಹೇಳು."

ಕೊಂಕಣಿ ಬೈಗುಳ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಮಾಸ್ತರು ಇಳಿದು ಇನ್ನೊಂದು ಸಿಪ್ಪೆ ತಂದರು. ಆ ಬೆಳಿಗ್ಗೆ ಡಿಕ್ಕಿಯಲ್ಲಿದ್ದ ಸಿಪ್ಪೆಯೆಲ್ಲ ಖರ್ಚಾಯಿತು. ನಡುವೆ ಒಮ್ಮೆ ಗಾಡಿ ಚೆಂದಾಗಿ ಮುಂದೆ ಹೋಯಿತು. ಅಕ್ಕೋರು ತಿರುಗಿ ಎಡಗಡೆ ಕೆಳಗೆ ನೋಡಿ, "ಕಾಲು ತೆಗಿ. ನಕಲು ಹೊಡೆದು ಪಾಸಾಗುವುದು ನಿನ್ನ ಪದ್ಧತಿ, ನನ್ನದಲ್ಲ" ಎಂದರು. ಮಾಸ್ತರು ಎರಡೂ ಕಾಲು ಎತ್ತಿ ಸೀಟಿನ ಮೇಲೆ ಮಡಚಿಕೊಂಡರು. ಸರ್ವಿಸಿನಲ್ಲಿ ಅವರು ಹೀಗೆ ಕೂತದ್ದು ಅದೇ ಮೊದಲು ಎಂದು ಹಿಂದಿನ ಸೀಟಿನಲ್ಲಿದ್ದ ಬೇಲೇಕೇರಿಯ ಹುಡುಗ ಊರೆಲ್ಲ ಹೇಳಿಕೊಂಡು ಬಂದ.

ಈಗಿನ ರಸ್ತೆಗಳ ಬಗ್ಗೆ ಮಾಸ್ತರಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಬಿಣಗಾ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿದ್ದು ಪ್ರಯಾಣಿಕರಿಗೆ ಅನುಕೂಲ, ಶಿಕ್ಷಣಕ್ಕೆ ನಷ್ಟ ಎನ್ನುತ್ತಾರೆ. ಮೊದಲು ಘಟ್ಟದ ತಿರುವಿನಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಲಾರಿ. ದೇವರ ನೆನಪು ತಾನಾಗಿ ಆಗುತ್ತಿತ್ತು. ಅವರ ಪ್ರಕಾರ ಈ ಜಿಲ್ಲೆಯ ಅತ್ಯುತ್ತಮ ಚಾಲಕರು ತಯಾರಾದದ್ದು ಅದಿರಿನ ಕಾಲದಲ್ಲಿ. ಹೊಸಪೇಟೆ ಕಡೆಯಿಂದ ಬೇಲೇಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಹಗಲು ರಾತ್ರಿ ಇಳಿಯುತ್ತಿದ್ದವು, ಕೆಂಪು ಧೂಳಿನಲ್ಲಿ ಮುಂದಿನ ಗಾಡಿಯ ನಂಬರೂ ಕಾಣುತ್ತಿರಲಿಲ್ಲ. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿತು, 2011ರಲ್ಲಿ ಲೋಕಾಯುಕ್ತ ವರದಿ ಬಂತು, ಯಾರ್‍ಯಾರದೋ ಕುರ್ಚಿ ಹೋಯಿತು. ಮಾಸ್ತರಿಗೆ ಆ ಹಗರಣದಲ್ಲಿ ಕಂಡದ್ದು ಒಂದೇ: ಓವರ್‌ಟೇಕ್ ಕಲಿಸಲು ಲಾರಿಯೇ ಇಲ್ಲದಂತಾಯಿತು.

ಬಲಗಡೆ ಸೀಟಿನಲ್ಲಿ ಅವರನ್ನು ಕಂಡವರು ಕಡಿಮೆ. ಮದುವೆಗೆಂದು ಯಲ್ಲಾಪುರಕ್ಕೆ ಹೋಗುವುದಿದ್ದರೂ ಬಸ್ಸೇ. ಅದರಲ್ಲೂ ಮುಂದಿನ ಎಡಗಡೆ ಸೀಟೇ ಬೇಕು. ಅರಬೈಲ್ ಘಟ್ಟದ ಪ್ರತಿ ತಿರುವಿನಲ್ಲೂ ಬಸ್ಸಿನ ತಗಡನ್ನು ಒತ್ತಿ ಒತ್ತಿ, ಯಲ್ಲಾಪುರದಲ್ಲಿ ಇಳಿಯುವಾಗ ಮೀನಖಂಡ ಹಿಡಿದುಕೊಂಡಿರುತ್ತದೆ. ಬಸ್ಸನ್ನು ಘಟ್ಟ ಹತ್ತಿಸಿದ್ದು ತಾವೇ ಎಂಬ ಗುಮಾನಿ ಅವರಿಗೆ ಇದ್ದಂತಿದೆ.

ಟೆಸ್ಟಿನ ದಿನ ಅಂಕೋಲೆಯ ಶಿಷ್ಯರೆಲ್ಲ ಕಾರವಾರಕ್ಕೆ ಬರಬೇಕು. ಎಲ್‌ಎಲ್‌ಆರ್ ಆಗಿ 30 ದಿನ ಕಳೆದಿರಬೇಕು, ಆರು ತಿಂಗಳು ದಾಟಿರಬಾರದು. ಕೆಲವರು ಶಾಂತಾದುರ್ಗೆಗೆ ಕಾಯಿ ಹೇಳಿಕೊಂಡು ಬಂದಿರುತ್ತಾರೆ. "ಕಾಯಿ ಒಡೆಸಿ, ಸಿಪ್ಪೆ ನನಗೆ ತಂದುಕೊಡಿ" ಎನ್ನುತ್ತಾರೆ ಮಾಸ್ತರು. ಎಡಗಡೆ ಸೀಟಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಕೂತಾಗ ಶಿಷ್ಯರಿಗೆ ಮೊದಲ ಬಾರಿ ಒಂದು ಸತ್ಯ ಗೊತ್ತಾಗುತ್ತದೆ: ಸಾಹೇಬರ ಕಾಲಲ್ಲಿ ಬೂಟು ಇದೆ, ಅದು ಅಲ್ಲಾಡುವುದಿಲ್ಲ. ಆದರೂ ಬಹಳ ಜನ ಪಾಸಾಗುತ್ತಾರೆ. ಹೇಗೆ ಎಂದು ಅವರಿಗೂ ಗೊತ್ತಿಲ್ಲ.

ಲೈಸೆನ್ಸು ಅಂಚೆಯಲ್ಲಿ ಬಂದ ಮೇಲೇ ಮಾಸ್ತರ ನಿಜವಾದ ವ್ಯಾಪಾರ. "ಸರ್, ಹೊಸ ಗಾಡಿ ತಗೊಂಡೆ, ಕುಮಟೆಗೆ ಮದುವೆ ಉಂಟು, ನೀವು ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ ಸಾಕು" ಎಂದು ಫೋನು ಬರುತ್ತದೆ. ಆ ಗಾಡಿಗಳಲ್ಲಿ ಎಡಗಡೆ ಪೆಡಲು ಎಲ್ಲಿಂದ ಬರಬೇಕು? ಆದರೂ ಮಾಸ್ತರು ಹೋಗುತ್ತಾರೆ, ಕೂರುತ್ತಾರೆ, ಚಪ್ಪಲಿ ಒತ್ತುತ್ತಾರೆ, ಮದುವೆ ಊಟ ಮಾಡಿ ಬರುತ್ತಾರೆ. ಶಿಷ್ಯ ಸುರಕ್ಷಿತವಾಗಿ ಮುಟ್ಟುತ್ತಾನೆ.

ಅಕ್ಕೋರು ಮೊದಲ ಸಲಕ್ಕೇ ಪಾಸಾದರು. ಪಾಸಾದವರು ಹೋಗಿ ಆಟೋಮ್ಯಾಟಿಕ್ ಕಾರು ಬುಕ್ ಮಾಡಿದರು. ಕ್ಲಚ್ಚೇ ಇಲ್ಲದ ಕಾರು. ಮಾಸ್ತರಿಗೆ ಇದು ವೈಯಕ್ತಿಕ ಅವಮಾನ. ಎರಡು ದಿನ ಖೋಲಿಯಲ್ಲಿ ಕೂತು ಬಂದವರಿಗೆಲ್ಲ, "ಹಾಗಾದ್ರೆ ಮಿಕ್ಸರ್ ಹಾಕೋದಕ್ಕೂ ಲೈಸೆನ್ಸ್ ಕೊಡ್ಲಿ" ಎಂದರು. ಮೂರನೇ ದಿನ ಅಕ್ಕೋರ ಫೋನು ಬಂದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೋದರು. ಎಡಗಡೆ ಕೂತು, ಅಭ್ಯಾಸದಂತೆ ಕಾಲು ಚಾಚಿದರು. ಅಕ್ಕೋರು ಗಾಡಿ ಹೊರಡಿಸಿದರು. ಗಾಡಿ ಕುಪ್ಪಳಿಸಲಿಲ್ಲ, ಬಂದ್ ಬೀಳಲಿಲ್ಲ, ಹಿಂದೆ ಜಾರಲಿಲ್ಲ. ಸುಭಾಷ್ ಸರ್ಕಲ್ ಬಂತು, ಹೋಯಿತು. ಹೇಳಿಕೊಡಲು ಏನಾದರೂ ಸಿಗುತ್ತದೋ ಎಂದು ಮಾಸ್ತರು ಕನ್ನಡಿ ನೋಡಿದರು, ಇಂಡಿಕೇಟರ್ ನೋಡಿದರು, ಅಕ್ಕೋರ ಸೀಟ್ ಬೆಲ್ಟ್ ನೋಡಿದರು. ಎಲ್ಲ ಸರಿಯಾಗಿತ್ತು.

"ಮುಂದೆ ಎಡಕ್ಕೆ ತಗೊಳ್ಳಿ ಅಕ್ಕೋರೆ" ಎಂದರು ಕೊನೆಗೆ, ಗಂಟಲು ಸರಿಮಾಡಿಕೊಂಡು. "ನಿಮ್ಮದು ಪಾರ್ಕಿಂಗ್ ಪಾಠ ಒಂದು ಬಾಕಿ ಉಂಟು."

ಅಕ್ಕೋರು ಇಂಡಿಕೇಟರ್ ಹಾಕಿದರು. "ಇವತ್ತು ಎಂತದು? ಬಂಗಡೆಯೋ, ತಾರ್ಲೆಯೋ?"