ಇಪ್ಪತ್ತು ಕಿಲೋ ಯಜಮಾನರ ಜೊತೆ

ಜನವರಿ ತಿಂಗಳು, ಬೆಳಗಿನ ಆರೂವರೆ. ಸಂಡೂರು ತಾಲ್ಲೂಕಿನ ಯಶವಂತನಗರದ ಹೋಟೆಲ್ ಮುಂದೆ ಹತ್ತು ಹನ್ನೆರಡು ರೇಸಿಂಗ್ ಸೈಕಲ್‌ಗಳು ಬಂದು ನಿಂತವು. ಸವಾರರು ಕೈ ಉಜ್ಜಿಕೊಳ್ಳುತ್ತ ಒಗ್ಗರಣೆ ಮಂಡಕ್ಕಿ, ಮಿರ್ಚಿಗೆ ಮುಗಿಬಿದ್ದರು. ತಂಡದ ಚಳಿಗಾಲದ ತಾಲೀಮಿನ ಬಗ್ಗೆ ಬರೆಯಲು ಹೋದವನು ನಾನು. ಆದರೆ ತಂಡದವರ ಬಾಯಿ ತುಂಬಿತ್ತು. ಗೋಡೆಗೆ ಒರಗಿ ನಿಂತಿದ್ದ ಹಳೆಯ ಅಟ್ಲಾಸ್ ಸೈಕಲ್ಲೊಂದು ಮಾತ್ರ ಬಿಡುವಾಗಿತ್ತು. ಕ್ಯಾರಿಯರ್‌ನ ಎರಡೂ ಕಡೆ ಹಾಲಿನ ಕ್ಯಾನು, ಸೀಟಿಗೆ ಪ್ಲಾಸ್ಟಿಕ್ ಚೀಲದ ಟೋಪಿ.

*ಯಜಮಾನ್ರೇ, ಚಳಿ ಹೇಗಿದೆ?*

ಯಾವ ಚಳಿ ತಮ್ಮಾ? ಈ ಹುಡುಗ್ರು ಮೊಬೈಲ್‌ನಾಗ 15 ಡಿಗ್ರಿ ಅಂತ ನೋಡ್ತಾರೆ, ಆಮ್ಯಾಲೆ ನಡುಗ್ತಾರೆ. ಬೆಲ್ಜಿಯಂ ಕಡೆ ನೀರು ಹೆಪ್ಪುಗಟ್ಟೋ ದಿನಾನೂ ಸೈಕಲ್ ತುಳೀತಾರಂತೆ. ನಮ್ದು ಶಿವರಾತ್ರಿಗೆ ಶಿವ ಶಿವಾ ಅಂತ ಹೊಂಟುಹೋಗೋ ಚಳಿ. ಅದಕ್ಕೆ ಇವ್ರು ಕೈಗೊಂದು ಚೀಲ, ಕಾಲಿಗೊಂದು ಚೀಲ, ಬೂಟಿಗೂ ಒಂದು ಚೀಲ ಹಾಕ್ಕೊಂಡು ಬಂದಾರೆ. ನಮ್ಮ ಮಾಲೀಕ ಕಿವಿಗೊಂದು ಟವೆಲ್ ಸುತ್ತಿ ನಲವತ್ತು ಮಾಗಿ ದಾಟ್ಯಾನೆ. ಸಂಡೂರನ್ನ ಸೆಪ್ಟೆಂಬರ್‌ನಾಗ ನೋಡ್ರಿ ಅಂತ ಗಾಂಧೀಜಿ ಹೇಳಿದ್ರಂತೆ. ಜನವರಿ ಬೆಳಗಿನ ನಾಕು ಗಂಟೆಗೆ ನೋಡ್ರಿ ಅಂತ ಯಾರೂ ಹೇಳ್ಲಿಲ್ಲ. ಅದು ಹಾಲಿನೋರ ಟೈಮು.

*ಅವರು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡಂತೆ ಬಂದರಲ್ಲ, ಯಾಕೆ?*

ಗಾಳಿ ಮರೆ. ಮುಂದಿನವ ಗಾಳಿ ಸೀಳ್ತಾನೆ, ಹಿಂದಿನವಗೆ ಮೂರರಾಗ ಒಂದು ಪಾಲು ಶ್ರಮ ಉಳಿಬೋದು ಅಂತಾರೆ. ಆದ್ರೆ ಸರದಿ ಬಂದ್ರೆ ಹಿಂದಿನವ ಮುಂದೆ ಬಂದು ಗಾಳಿ ತಿನ್ನಬೇಕು. ಅದಕ್ಕೇ ಈ ಪದ್ಧತಿ ಪಂಚಾಯ್ತಿ ಆಫೀಸಿನ ಒಳಗೆ ಬರಲಿಲ್ಲ.

ನಾವೂ ಹಿಂಗೇ ಹೋಗ್ತಿದ್ವಿ, ನಿನಗೆ ಗೊತ್ತೈತೇನು? ಗಣಿ ಪಾಳಿಗೆ ಹೋಗೋರು, ಹಾಲಿನೋರು, ಸಂಡೂರಿನ ಸ್ಕೂಲಿಗೆ ಹೋಗೋ ಮೇಷ್ಟ್ರು, ಎಲ್ಲಾ ಒಂದೇ ಸಾಲು. ಉಬ್ಬಲಗಂಡಿ ಕಣಿವೆಯಾಗ ಎದುರುಗಾಳಿ ಬಂತಂದ್ರೆ ಮೈ ಇದ್ದ ಮೇಷ್ಟ್ರನ್ನ ಮುಂದೆ ಬಿಡ್ತಿದ್ವಿ. ಅವ್ರು ಅದನ್ನ ಗೌರವ ಅಂದ್ಕೊಂಡಿದ್ರು. ಅವತ್ತು ನಮಗೆ ಯಾರೂ ಟೀಮ್ ಅನ್ನಲಿಲ್ಲ. ಡ್ಯೂಟಿ ಅಂದ್ರು.

*ಆ ಸೈಕಲ್‌ಗಳ ತೂಕ ಕೇಳಿದ್ದೀರಾ?*

6.8 ಕಿಲೋಕ್ಕಿಂತ ಹಗುರ ಇದ್ರೆ ದೊಡ್ಡ ರೇಸಿಗೆ ಬಿಡಂಗಿಲ್ಲಂತೆ, ಅಂತರರಾಷ್ಟ್ರೀಯ ಕಾನೂನು. ನನ್ನ ಖಾಲಿ ಮೈಯೇ ಇಪ್ಪತ್ತು ಕಿಲೋ ಆಗ್ತೈತೆ. ಮ್ಯಾಲೆ ಎರಡು ಕ್ಯಾನು, ಮಾಲೀಕ, ರಾಡಿನ ಮ್ಯಾಲೆ ಮಾಲೀಕನ ಮಗ. ಆ ಹುಡುಗ ಈಗ ಬೈಕ್ ತಗೊಂಡಾನೆ, ನನ್ನ ಕಡೆ ತಿರುಗಿ ನೋಡಂಗಿಲ್ಲ.

*ಈ ತಂಡದಿಂದ ಯಾರಾದರೂ ಒಲಿಂಪಿಕ್ಸ್‌ಗೆ ಹೋಗಬಹುದೆ?*

ಬಾಯಿಗೆ ಸಕ್ಕರೆ ಬೀಳ್ಲಿ. 1964ರ ಟೋಕಿಯೋ ಒಲಿಂಪಿಕ್ಸ್ ಆದಮ್ಯಾಲೆ ಭಾರತದ ಸೈಕಲ್ ಸವಾರ ಅಲ್ಲಿಗೆ ಹೋಗಿಲ್ಲ. ನಮ್ಮ ಗುಡ್ಡ ಹೋಗಿತ್ತು ನೋಡು! 2008ಕ್ಕೆ ಬೀಜಿಂಗ್‌ನಾಗ ಒಲಿಂಪಿಕ್ಸು. ಚೀನಾಕ್ಕೆ ಎಷ್ಟು ಕಬ್ಬಿಣ ಕೊಟ್ರೂ ಸಾಲದು. ಅದಿರಿನ ರೇಟು ಮುಗಿಲು ಮುಟ್ತು, ಗುಡ್ಡ ಲಾರಿ ಹತ್ತಿ ಬಂದರಿಗೆ ಹೋತು. ತಾಲೀಮಿಲ್ಲ, ಕೋಚ್ ಇಲ್ಲ, ನೇರ ಪ್ರವೇಶ. ಆ ವರ್ಷಗಳಾಗ ಈ ರಸ್ತೆಗೆ ಸೈಕಲ್ ಇಳಿಸಿದವನೇ ಗಂಡುಗಲಿ. ಹೋಗುವಾಗ ನಾನು ಕರಿ, ಬರುವಾಗ ಕೆಂಪು. ಹಾಲೂ ಸ್ವಲ್ಪ ಬಾದಾಮಿ ಬಣ್ಣಕ್ಕೆ ತಿರುಗ್ತಿತ್ತು ಅಂತ ಗಿರಾಕಿಗಳ ತಕರಾರು.

2011ರ ಜುಲೈ ಕಡೀಗೆ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸ್ತು. ಆ ಮಾಗಿ ನೆನಪೈತೆ ನನಗೆ. ರಸ್ತೆ ಎಲ್ಲಾ ನನ್ನದೇ. ಹಕ್ಕಿ ಕೂಗೋದು ಕೇಳ್ತು, ಚೈನ್ ಕಿರುಗುಟ್ಟೋದೂ ಕೇಳ್ತು. ತಾಲೀಮಿಗೆ ಅಂಥ ರಸ್ತೆ ಸಿಗಂಗಿಲ್ಲ. ಆದ್ರೆ ಹೋಟೆಲೂ ಖಾಲಿ. ಚಾ ಕುಡಿಯೋ ಡ್ರೈವರ್‌ಗಳೇ ಇಲ್ಲ, ಹಾಲು ಯಾರಿಗೆ? ಅರ್ಧ ಕ್ಯಾನು ವಾಪಸ್ ಹೊತ್ತಿದ್ದು ನಾನೇ. ಯಾವ ಮಾಗಿ ಚಲೋ ಇತ್ತು ಅಂತ ಕೇಳಬ್ಯಾಡ.

*ವಿಜಯಪುರ, ಬಾಗಲಕೋಟೆಯ ಸೈಕಲ್ ಹುಡುಗರ ಬಗ್ಗೆ?*

ಅವ್ರು ಹುಟ್ಟಿದ್ದೇ ಸೀಟಿನ ಮ್ಯಾಲೆ. ವಿಜಯಪುರದಾಗ ವೆಲೊಡ್ರೋಮ್ ಕಟ್ತೀವಿ ಅಂತ ವರ್ಷಗಟ್ಟಲೆ ಕಾಯಿಸಿದ್ರು. ಹುಡುಗ್ರು ಕಾಯಲಿಲ್ಲ, ಹೈವೇದಾಗೇ ತುಳಿದು ಪದಕ ತಂದ್ರು.

*ನಿಮ್ಮ ಕಂಪನಿ...*

(ಬಹಳ ಹೊತ್ತು ಮೌನ.) 1951ರಾಗ ಸೋನಿಪತ್‌ನಾಗ ಶುರುವಾಗಿದ್ದು. ಕೊನೇ ಕಾರ್ಖಾನೆ ಸಾಹಿಬಾಬಾದಿಂದು, 2020ರ ಜೂನ್ 3ಕ್ಕೆ ಬಾಗಿಲು ಹಾಕಿದ್ರು. ಅವತ್ತು ಯಾವ ದಿನ ಗೊತ್ತಾ? ವಿಶ್ವ ಸೈಕಲ್ ದಿನ. ಹುಟ್ಟುಹಬ್ಬದ ಕೇಕೂ ತಿಥಿ ವಡೆನೂ ಒಂದೇ ತಟ್ಟ್ಯಾಗ.

ಯಜಮಾನರು ಬೆಲ್ ಹೊಡೆಯಲು ನೋಡಿದರು. ಬೆಲ್ಲಿಗೆ ಮುಚ್ಚಳವಿರಲಿಲ್ಲ. ಅಷ್ಟರಲ್ಲಿ ತಂಡದವರು ಮಿರ್ಚಿ ಕೈ ಒರೆಸಿಕೊಂಡು ಹೊರಟರು. ಮಾಲೀಕರೂ ಬಂದು ಟೈರ್ ಒತ್ತಿ ನೋಡಿದರು.

*ಕೊನೆಯ ಮಾತು?*

ಗಂಡಿಯಾಗ ಮಂಜು ಇಳಿದಿರ್ತೈತೆ. ಈ ಹುಡುಗ್ರ ಹಿಂದೆ ಕೆಂಪು ದೀಪ ಮಿಣಮಿಣ ಅಂತೈತೆ, ಕಾಣ್ತಾರೆ. ನನ್ನ ಡೈನಮೋ ಸತ್ತು ಹತ್ತು ವರ್ಷ ಆತು. ಈಗ ಮತ್ತೆ ಓಡಾಡೋ ಅದಿರು ಲಾರಿಯೋರಿಗೆ ಬರಿ ತಮ್ಮಾ: ತಾಡಪಾಲು ಬಿಗಿಯಾಗಿ ಕಟ್ರಿ, ಲೈಟ್ ಡಿಮ್ ಮಾಡ್ರಿ, ಎಡಗಡೆ ಏನಾರ ಕರ್ರಗೆ ಕಂಡ್ರೆ ಒಂದು ಹಾರ್ನ್ ಹೊಡೀರಿ. ಅದು ನಾನೇ ಇರ್ತೀನಿ.